ಮೇಲಿನ ಸಾಲು

ಒಲೆಯ ಹಿಂದಿನ ಗೋಡೆಯ ಟೈಲು ಕಿತ್ತು
ಇವತ್ತಿಗೆ ಒಂಬತ್ತು ದಿನ.
ಹಳದಿ ಟೈಲು, ನಾಲ್ಕಕ್ಕೊಂದರ ಮೇಲೆ ಕಂದು ಅಣಬೆ.
ಎಪ್ಪತ್ತನಾಲ್ಕರಲ್ಲಿ ಥಂಡರ್ ಬೇಯ ಅರ್ಧ ಊರು
ಈ ಅಣಬೆಗಳ ಎದುರೇ ಕಾಫಿ ಕುದಿಸುತ್ತಿತ್ತು.
ಉಳಿ ತಾಗಿದ್ದೇ ತಡ ಕೆಲವು ತಾವಾಗಿ ಉದುರಿದವು,
ಕೆಲವು ಗೋಡೆಯ ಚರ್ಮವನ್ನೂ ಕಿತ್ತುಕೊಂಡೇ ಬಂದವು.

ಜಿಪ್ಸಮ್ ಹಲಗೆಗೆ ಚರ್ಮವೆಂದರೆ ಕಾಗದ.
ಹರಿದಲ್ಲೆಲ್ಲ ಕಂದು ನವಿರೇಳುತ್ತದೆ,
ಬೆಕ್ಕಿನ ಕಿವಿಯೊಳಗಿನ ರೋಮದ ಹಾಗೆ.
ಅದರ ಮೇಲೆ ಹಾಗೇ ಹಸಿ ಪುಟ್ಟಿ ಬಳಿದರೆ ಗುಳ್ಳೆ ಬರುತ್ತದೆ
ಎಂದು ಹಾರ್ಡ್‌ವೇರ್ ಅಂಗಡಿಯ ಶಾನೀನ್ ಎರಡು ಸಲ ಹೇಳಿದಳು,
ನನ್ನ ನರೆಗೂದಲು ನೋಡಿ ಮೂರನೆಯ ಸಲವೂ.
ಟಾರ್ಚನ್ನು ಗೋಡೆಯ ಕೆನ್ನೆಗೆ ಆನಿಸಿ ಹಿಡಿ ಅಜ್ಜಿ,
ಎದುರಿನಿಂದ ಹಿಡಿದರೆ ಉಬ್ಬುತಗ್ಗು ಕಾಣಲ್ಲ, ಅಂದಳು.

ಹಿಡಿದೆ. ರಾತ್ರಿ ಹತ್ತು ಗಂಟೆ, ಹೊರಗೆ ಮೈನಸ್ ಇಪ್ಪತ್ತು.
ಹಳೆ ಅಂಟಿನ ಗೆರೆಗಳು ಎದ್ದು ನಿಂತವು,
ಒದ್ದೆ ಕೂದಲಿಗೆ ಬಾಚಣಿಗೆ ಎಳೆದಂತೆ, ಕಮಾನು ಕಮಾನು.
ಎಡಕ್ಕೆ ಬಾಗಿದ ಕಮಾನುಗಳು. ನನ್ನ ತಾಯಿಸ್ತೊ ಎಡಚ.
ಸೂಪು ಬಡಿಸುವಾಗಲೂ ಅವನ ಸೌಟು ಹೀಗೇ ತಿರುಗುತ್ತಿತ್ತು.
ಸತ್ತು ಆರು ವರ್ಷದ ಕೈ; ಎಷ್ಟೋ ಹೊತ್ತು ಕೆರೆಯದೆ ನಿಂತಿದ್ದೆ.

ಆಮೇಲೆ ಏಣಿ ಹತ್ತಿದೆ.
ಹೆಗಲ ಎತ್ತರದಿಂದಾಚೆ ಗೆರೆಗಳು ಬಲಕ್ಕೆ ಬಾಗಿವೆ.
ಉದ್ದ ತೋಳಿನ ಕಮಾನು, ಅಂಟು ಧಾರಾಳ,
ಸೂರಿನ ಅಂಚಿನವರೆಗೂ.

ಆ ಸಲ ಮಗು ಉಳಿಯದೆ
ನಾನು ಆಸ್ಪತ್ರೆಯಲ್ಲಿದ್ದದ್ದು ಹನ್ನೊಂದು ದಿನ.
ಮನೆಗೆ ಬಂದರೆ ಅಡುಗೆಮನೆ ಹಳದಿ.
ಒಬ್ಬನೇ ಮಾಡಿದೆ, ಅಂದಿದ್ದ.
ಮೇಲಿನ ಸಾಲು ಸೊಟ್ಟ, ಅಂದಿದ್ದೆ ನಾನು.
ಅದೇ ನನ್ನ ಮೊದಲ ಮಾತು. ಕೊನೆಯದೂ ಅಲ್ಲ.
ನಲವತ್ತು ವರ್ಷ, ನೆಂಟರು ಬಂದಾಗಲೆಲ್ಲ ತೋರಿಸಿ ನಗುತ್ತಿದ್ದೆ,
ಕುಡಿದು ಅಂಟಿಸಿದ್ದಾನೆ ನೋಡಿ, ಎಂದು.
ಅವನು ಕಪ್ಪಿನೊಳಕ್ಕೆ ನೋಡುತ್ತಿದ್ದ.

ಬೆಳಿಗ್ಗೆ ನಿಪಿಗಾನ್‌ಗೆ ಫೋನು ಮಾಡಿದೆ.
ಉರ್ಹೊಗೆ ಎಂಬತ್ತಾರು, ಒಂದು ಕಿವಿ ಕೇಳುತ್ತದೆ.
ಅಣ್ಣತಮ್ಮಂದಿರು ದೋಣಿಯ ಮೋಟಾರೊಂದರ ವಿಷಯಕ್ಕೆ
ಎಪ್ಪತ್ಮೂರರಲ್ಲೇ ಮಾತು ಬಿಟ್ಟವರು,
ಮಣ್ಣಿಗೂ ಬಂದಿರಲಿಲ್ಲ ಇವನು.
ಟೈಲು ನೀನು ಹಚ್ಚಿದೆಯಾ, ಎಂದು ಕಿರುಚಿದೆ.
ಅವನು ಕುಳ್ಳ, ಅಂದ. ಏಣಿ ನನ್ನ ಹತ್ತಿರ ಇತ್ತು.
ಮಾತಾಡಿದಿರಾ?
ಇಲ್ಲ. ಅಂಟು ಬೇಗ ಒಣಗುತ್ತಿತ್ತು.
ಎಲ್ಲೋ ಟಿವಿಯಲ್ಲಿ ಹಾಕಿ ಮ್ಯಾಚು ಕೂಗುತ್ತಿತ್ತು.
ಆಮೇಲೆ ಅವನೇ ಕೇಳಿದ:
ಮೇಲಿನ ಸಾಲು ಸ್ವಲ್ಪ ಸೊಟ್ಟ ಇತ್ತಲ್ವಾ, ಲೆಂಪಿ?
ಯಾರಾದರೂ ಏನಾದರೂ ಅಂದರಾ?

ಯಾರೂ ಏನೂ ಅನ್ನಲಿಲ್ಲ, ಅಂದೆ.

ಇನ್ನು ಗೋಡೆಯ ಕೆಲಸ.
ಎರಡೂ ಕೈಯ ಅಂಟನ್ನು ಕೆರೆದೆ, ಬಕೆಟ್ಟಿನಲ್ಲಿ ಅವು ಒಂದೇ ಬಣ್ಣ.
ಸಡಿಲ ಅಂಚು ಕೊಯ್ದೆ, ಪ್ರೈಮರ್ ಕುಡಿಸಿದೆ,
ಆಳದ ಗಾಯಗಳಿಗೆ ಬಲೆಪಟ್ಟಿ ಒತ್ತಿದೆ.
ಪುಡಿ ಕಲಸಿದೆ, ಗಂಜಿಗಿಂತ ಗಟ್ಟಿ, ಬೆಣ್ಣೆಗಿಂತ ಸಡಿಲ,
ಅಗಲ ಕರಣೆಯಲ್ಲಿ ಎಳೆದೆ, ಒಣಗಿಸಿದೆ, ಉಜ್ಜಿದೆ, ಮತ್ತೆ ಎಳೆದೆ.
ಹುಬ್ಬು, ಸಕ್ಕರೆ ಡಬ್ಬಿ, ಕನ್ನಡಕ, ಎಲ್ಲ ಬಿಳಿ.
ಕೆನ್ನೆಗೆ ಟಾರ್ಚು ಆನಿಸಿ ನೋಡಿದೆ: ಎಡವೂ ಇಲ್ಲ, ಬಲವೂ ಇಲ್ಲ.
ಚೆನ್ನಾಗಿದೆ. ಇಷ್ಟು ಚೆನ್ನಾಗಿ ಮಾಡಬಾರದಿತ್ತೇನೋ.

ಎದುರುಮನೆಯ ಹುಡುಗ ಸೌದೆ ತಂದಿಟ್ಟು ಕೇಳುತ್ತಾನೆ,
ಯಾವ ಬಣ್ಣ ಹೊಡೆಸ್ತೀಯ?
ಬೆರಳು ಚಾಚಿಯೇ ಬಿಟ್ಟ.
ಮುಟ್ಟಬೇಡ, ಅಂದೆ. ಮೇಲ್ಗಡೆ ಇನ್ನೂ ಹಸಿ ಇದೆ.